‘ನನ್ನ ಮೇಲೆ ನಂಬಿಕೆ ಇಲ್ವಾ?’ ಎಂದು ಕೇಳಿದಾಗ

(ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವರದಕ್ಷಿಣೆ ಮತ್ತು ಮನೆಯೊಳಗಿನ ದೌರ್ಜನ್ಯದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ನನ್ನನ್ನು ಕರೆದಿದ್ದೀರಿ. ನಾನು ಮಾತು ಶುರು ಮಾಡುವುದು ಮಾತ್ರ ಒಂದು ಟಿ.ವಿ. ಆಟದಿಂದ. ಇದಕ್ಕೂ ಅದಕ್ಕೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ಸಂಬಂಧ ಇದೆ. ಆ ಆಟದ ತಿರುಳು ನಂಬಿಕೆ ಮತ್ತು ದ್ರೋಹ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಒಡವೆ, ದುಡ್ಡು, ಸಹಿ ಎಲ್ಲವೂ ಕೈತಪ್ಪಿ ಹೋಗುವುದು ಬಹಳ ಸಲ ಹೊಡೆತದಿಂದಲ್ಲ. ‘ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ ನಿಂಗೆ?’ ಎಂಬ ಒಂದೇ ಒಂದು ಪ್ರಶ್ನೆಯಿಂದ. ಹೊಡೆತ ಬರುವುದು ಆಮೇಲೆ, ಕೊಟ್ಟದ್ದನ್ನು ವಾಪಸು ಕೇಳಿದಾಗ.

ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ 2007ರಿಂದ 2009ರವರೆಗೆ ‘ಗೋಲ್ಡನ್ ಬಾಲ್ಸ್’, ಅಂದರೆ ಬಂಗಾರದ ಚೆಂಡುಗಳು, ಎಂಬ ಕಾರ್ಯಕ್ರಮ ಬರುತ್ತಿತ್ತು. ಅದನ್ನು ನಡೆಸಿಕೊಡುತ್ತಿದ್ದವನು ಜಾಸ್ಪರ್ ಕ್ಯಾರೆಟ್ ಎಂಬ ಹಾಸ್ಯನಟ. ಒಬ್ಬರಿಗೊಬ್ಬರು ಗುರುತಿಲ್ಲದ ನಾಲ್ಕು ಮಂದಿಯಿಂದ ಆಟ ಶುರು. ಪ್ರತಿಯೊಬ್ಬರಿಗೂ ಕೆಲವು ಚೆಂಡುಗಳು ಸಿಗುತ್ತವೆ, ಚೆಂಡಿನೊಳಗೆ ಹಣದ ಮೊತ್ತ ಬರೆದಿರುತ್ತದೆ. ಕೆಲವು ಚೆಂಡುಗಳು ಎಲ್ಲರಿಗೂ ಕಾಣುವಂತೆ ಇರುತ್ತವೆ, ಕೆಲವು ಆಟಗಾರರಿಗೆ ಮಾತ್ರ ಗೊತ್ತು. ಗುಟ್ಟಾಗಿರುವ ಚೆಂಡಿನಲ್ಲಿ ಏನಿದೆ ಎಂದು ಬಾಯಲ್ಲಿ ಹೇಳಬೇಕು. ನಿಜ ಹೇಳಬಹುದು, ಸುಳ್ಳೂ ಹೇಳಬಹುದು. ಹೀಗೆ ಒಬ್ಬೊಬ್ಬರನ್ನೇ ಹೊರಗೆ ಹಾಕುತ್ತಾ ಕೊನೆಗೆ ಇಬ್ಬರು ಉಳಿಯುತ್ತಾರೆ. ಆ ಇಬ್ಬರೂ ಸೇರಿ ಒಂದು ಗಂಟು ಕೂಡಿಸುತ್ತಾರೆ. ಅಲ್ಲಿಯವರೆಗೆ ಎದುರಾಳಿಗಳಾಗಿದ್ದವರು ಅಲ್ಲಿಂದ ಜೊತೆಗಾರರು.

ಕೊನೆಯ ಘಟ್ಟವೇ ಮುಖ್ಯವಾದದ್ದು. ಇಬ್ಬರ ಮುಂದೆಯೂ ಎರಡೆರಡು ಚೆಂಡು ಇಡುತ್ತಾರೆ. ಒಂದರಲ್ಲಿ ‘ಹಂಚು’ ಎಂದು, ಇನ್ನೊಂದರಲ್ಲಿ ‘ಕದಿ’ ಎಂದು ಬರೆದಿರುತ್ತದೆ. ಇಬ್ಬರೂ ‘ಹಂಚು’ ಆರಿಸಿದರೆ ಗಂಟು ಅರ್ಧ ಅರ್ಧ. ಒಬ್ಬರು ‘ಹಂಚು’, ಇನ್ನೊಬ್ಬರು ‘ಕದಿ’ ಆರಿಸಿದರೆ ಕದ್ದವರಿಗೆ ಪೂರ್ತಿ ಗಂಟು, ನಂಬಿದವರಿಗೆ ಬರಿಗೈ. ಇಬ್ಬರೂ ‘ಕದಿ’ ಎಂದರೆ ಇಬ್ಬರಿಗೂ ಏನೂ ಇಲ್ಲ. ಆರಿಸುವ ಮುಂಚೆ ಇಬ್ಬರೂ ಎದುರುಬದುರು ಕೂತು ಮಾತಾಡಬಹುದು. ಭಾಷೆ ಕೊಡಬಹುದು, ಆಣೆ ಇಡಬಹುದು, ಅಳಬಹುದು. ಕೊಟ್ಟ ಮಾತಿಗೆ ಕಟ್ಟುಪಾಡು ಮಾತ್ರ ಏನೂ ಇಲ್ಲ.

2008ರಲ್ಲಿ ನಡೆದ ಒಂದು ಆಟದಲ್ಲಿ ಗಂಟು 1,00,150 ಪೌಂಡಿಗೆ ಏರಿತ್ತು. ಆಗಿನ ಲೆಕ್ಕದಲ್ಲಿ ನಮ್ಮ ಸುಮಾರು 80 ಲಕ್ಷ ರೂಪಾಯಿ. ಕೂತಿದ್ದವರು ಒಬ್ಬ ಗಂಡಸು, ಒಬ್ಬ ಹೆಂಗಸು. ಇಬ್ಬರೂ ಹಂಚಿಕೊಳ್ಳುವುದಾಗಿ ಮಾತು ಕೊಟ್ಟರು. ಗಂಡಸು ‘ಹಂಚು’ ತೆಗೆದ. ಹೆಂಗಸು ‘ಕದಿ’ ತೆಗೆದಳು. ಆತನ ಮುಖ ಕಪ್ಪಿಟ್ಟುಹೋಯಿತು. ಈ ಉದಾಹರಣೆಯನ್ನು ನಾನು ಬೇಕೆಂದೇ ಮೊದಲು ಹೇಳುತ್ತಿದ್ದೇನೆ. ಹೆಂಗಸರೆಲ್ಲ ನಂಬಿಗಸ್ತರು, ಗಂಡಸರೆಲ್ಲ ಮೋಸಗಾರರು ಎಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ಮೋಸ ಹೆಣ್ಣು ಗಂಡಿನ ರಕ್ತದಲ್ಲಿ ಬರುವುದಲ್ಲ. ಯಾರಿಗೆ ಯಾವ ಅವಕಾಶ ಇದೆ, ಮೋಸ ಮಾಡಿದರೆ ಯಾರು ಕೇಳುತ್ತಾರೆ ಎಂಬುದರ ಮೇಲೆ ಬಹಳ ನಿಂತಿದೆ.

ಇಂಥ ಆಟಗಳು ಈಗ ನಮ್ಮಿಂದ ದೂರದವೂ ಅಲ್ಲ. ದ್ರೋಹವನ್ನೇ ಬಂಡವಾಳ ಮಾಡಿಕೊಂಡ ‘ದ ಟ್ರೇಟರ್ಸ್’ ಎಂಬ ಆಟ 2025ರಲ್ಲಿ ಹಿಂದಿಯಲ್ಲೂ ಬಂತು. ನಮ್ಮ ಮಕ್ಕಳ ಮೊಬೈಲಿನಲ್ಲಿ ಇವೆಲ್ಲ ಓಡುತ್ತಿರುತ್ತವೆ. ಮನುಷ್ಯನ ಬುದ್ಧಿಯೇ ಇಷ್ಟು, ಅವಕಾಶ ಸಿಕ್ಕರೆ ಎಲ್ಲರೂ ಕದಿಯುವವರೇ, ನಂಬಿದವನೇ ದಡ್ಡ ಎಂಬ ಪಾಠವನ್ನು ಮಕ್ಕಳು ನಗುನಗುತ್ತಾ ಕಲಿಯುತ್ತಿದ್ದಾರೆ. ಈ ಪಾಠ ನಿಜವೇ?

ಅಲ್ಲ ಎನ್ನುವುದಕ್ಕೆ ಲೆಕ್ಕವೇ ಇದೆ. ‘ಗೋಲ್ಡನ್ ಬಾಲ್ಸ್’ನ 287 ಕಂತುಗಳನ್ನು ಮೂವರು ಅರ್ಥಶಾಸ್ತ್ರಜ್ಞರು ಒಂದೊಂದಾಗಿ ನೋಡಿ ಬರೆದಿಟ್ಟುಕೊಂಡರು. ಅವರಲ್ಲಿ ಒಬ್ಬರು ರಿಚರ್ಡ್ ಥೇಲರ್. 2017ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. 2012ರಲ್ಲಿ ಅವರ ಅಧ್ಯಯನ ಪ್ರಕಟವಾಯಿತು. ಸರಾಸರಿ 20,000 ಡಾಲರಿಗೂ ಹೆಚ್ಚಿನ ಹಣ ಕಣ್ಣೆದುರಿಗೆ ಇದ್ದರೂ, ಮತ್ತೆ ಮುಖ ನೋಡಬೇಕಾದ ಹಂಗಿಲ್ಲದಿದ್ದರೂ, ಆಟಗಾರರಲ್ಲಿ ನೂರಕ್ಕೆ 53 ಮಂದಿ ‘ಹಂಚು’ ಎಂದೇ ಆರಿಸಿದ್ದರು. ಯುವಕರಿಗಿಂತ ಯುವತಿಯರು ಹೆಚ್ಚಾಗಿ ಹಂಚಿಕೊಂಡರು. ವಯಸ್ಸಾದ ಆಟಗಾರರಲ್ಲಿ ಇದು ತಿರುಗುಮುರುಗಾಗಿ ಗಂಡಸರೇ ಹೆಚ್ಚು ಹಂಚಿಕೊಂಡರು. ಗಂಟು ಚಿಕ್ಕದಾಗಿ ಕಂಡಾಗ ಹಂಚುವವರು ಜಾಸ್ತಿ, ದೊಡ್ಡದಾದಾಗ ಕಡಿಮೆ.

ಈ ಕೊನೆಯ ಮಾತನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ಸಂತೆಯಿಂದ ತಂದ ಚಿಲ್ಲರೆಯನ್ನು ಪೈಸೆ ಪೈಸೆ ಲೆಕ್ಕ ಕೊಡುವ ಮನುಷ್ಯನೇ ಹೆಂಡತಿಯ ತವರಿನ ಪಾಲಿನ ವಿಷಯ ಬಂದಾಗ, ಒಡವೆಯ ವಿಷಯ ಬಂದಾಗ ಬೇರೆಯವನಾಗಿಬಿಡುತ್ತಾನೆ. ‘ಇಷ್ಟು ವರ್ಷ ನನಗೆ ಒಂದು ರೂಪಾಯಿ ಮೋಸ ಮಾಡಿದವರಲ್ಲ’ ಎಂದು ನಾವು ಆಶ್ಚರ್ಯಪಡುತ್ತೇವೆ. ಚಿಕ್ಕ ಗಂಟಿನಲ್ಲಿ ತೋರಿದ ನಿಯತ್ತು ದೊಡ್ಡ ಗಂಟಿಗೂ ಸಾಕ್ಷಿಯಾಗಲಾರದು.

ಇದೇ ಆಟದ ಮೇಲೆ 2019ರಲ್ಲಿ ಇನ್ನೊಂದು ಅಧ್ಯಯನ ಬಂತು. ಅದು ನಮಗೆ ಇನ್ನೂ ಹತ್ತಿರದ್ದು. ಕೊನೆಯ ಮಾತುಕತೆಯಲ್ಲಿ ಆಟಗಾರರು ಏನೇನು ಹೇಳುತ್ತಾರೆ, ಆಮೇಲೆ ಏನು ಮಾಡುತ್ತಾರೆ ಎಂದು ಸಂಶೋಧಕರು ತಾಳೆ ನೋಡಿದರು. ‘ನಾನು ಹಂಚುತ್ತೇನೆ’ ಎಂದು ನೇರವಾಗಿ, ಷರತ್ತಿಲ್ಲದೆ ಹೇಳಿದವರು ಮಾತು ಉಳಿಸಿಕೊಳ್ಳುವುದು ಹೆಚ್ಚು. ‘ನೀನು ಹಂಚಿದರೆ ನಾನೂ ಹಂಚುತ್ತೇನೆ’ ಎಂದು ಷರತ್ತು ಹಾಕಿದವರು, ‘ಬರಿಗೈಯಲ್ಲಿ ಹೋಗುವುದು ಯಾರಿಗೆ ಇಷ್ಟ?’ ಎಂದು ಸುತ್ತಿಬಳಸಿ ಆಡಿದವರು ಮಾತು ಉಳಿಸಿಕೊಳ್ಳುವುದು ಕಡಿಮೆ. ಯಾಕೆಂದರೆ ಬಳಸು ಮಾತಿಗೆ ಒಂದು ಅನುಕೂಲವಿದೆ. ನಾಳೆ ಅದರಿಂದ ನುಣುಚಿಕೊಳ್ಳಬಹುದು. ‘ನಾನೇನು ಸುಳ್ಳು ಹೇಳಿದೆನೆ?’ ಎಂದು ಎದೆ ಮುಟ್ಟಿಕೊಂಡು ಕೇಳಬಹುದು.

ಈಗ ನಮ್ಮ ಮದುವೆ ಮಾತುಕತೆಗೆ ಬರೋಣ. ಗಂಡಿನ ಕಡೆಯವರು ಚಾಪೆಯ ಮೇಲೆ ಕೂತು ಏನೆನ್ನುತ್ತಾರೆ? ‘ನಮಗೇನೂ ಬೇಡ ಕಣ್ರೀ. ನಿಮ್ಮ ಮಗಳಿಗೆ ನೀವು ಏನು ಮಾಡ್ತೀರೋ ನಿಮಗೆ ಬಿಟ್ಟಿದ್ದು. ನಮ್ಮ ದೊಡ್ಡ ಸೊಸೆ ಮನೆಯವರು ಕೇಳದೇ ಇದ್ರೂ ಚೆನ್ನಾಗೇ ಮಾಡಿದ್ರು.’ ಈ ಮಾತಿನಲ್ಲಿ ಕೇಳಿಕೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಆದರೆ ಕೇಳಿಸಿಕೊಂಡ ಹೆಣ್ಣಿನ ತಂದೆಗೆ ರಾತ್ರಿ ನಿದ್ದೆ ಬರುವುದಿಲ್ಲ. ಅವರು ಗದ್ದೆ ಅಡವಿಡುತ್ತಾರೆ. ಮದುವೆಯಾದ ಮೇಲೆ ‘ದೊಡ್ಡ ಸೊಸೆಗೆ ಅಷ್ಟು ಹಾಕಿದ್ರು, ನಿಮ್ಮಪ್ಪ ಏನು ಹಾಕಿದ?’ ಎಂದು ಶುರುವಾಗುತ್ತದೆ. ಪಂಚಾಯಿತಿ ಸೇರಿದಾಗ ಅದೇ ಜನ ‘ನಾವು ಒಂದು ಪೈಸೆ ಕೇಳಿದವರಲ್ಲ’ ಎಂದು ದೇವರ ಮುಂದೆ ದೀಪ ಹಚ್ಚುತ್ತಾರೆ.

ಆದರೆ ಕಾನೂನು ಈ ಬಳಸು ಮಾತನ್ನು ಮುಂಚೆಯೇ ಊಹಿಸಿತ್ತು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ವರದಕ್ಷಿಣೆ ಎಂದರೆ ಏನು ಎಂದು ಹೇಳುವಾಗ ‘ನೇರವಾಗಿ ಅಥವಾ ಪರೋಕ್ಷವಾಗಿ’ ಕೊಟ್ಟದ್ದು, ಕೊಡಲು ಒಪ್ಪಿದ್ದು ಎಂಬ ಅರ್ಥದ ಮಾತು ಇದೆ. ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಕೇಳುವುದೇ ಅಪರಾಧ ಎಂದು 4ನೇ ಕಲಮು ಹೇಳುತ್ತದೆ. ಅದಕ್ಕೆ ಕನಿಷ್ಠ ಆರು ತಿಂಗಳ ಸೆರೆವಾಸ. ಆದ್ದರಿಂದ ಮಾತುಕತೆಯಲ್ಲಿ ‘ನಿಮಗೆ ಬಿಟ್ಟಿದ್ದು’ ಎಂಬ ಮಾತು ಬಂದ ಕೂಡಲೇ, ‘ಹಾಗಾದರೆ ಏನೂ ಬೇಡ ಅಂತ ಎಲ್ಲರ ಮುಂದೆ ಬಾಯಿಬಿಟ್ಟು ಹೇಳಿ’ ಎಂದು ಕೇಳಬೇಕು. ಬಾಯಿಬಿಟ್ಟು ಹೇಳಲು ಹಿಂಜರಿಯುವವರ ಮನೆಗೆ ಹೆಣ್ಣು ಕೊಡುವ ಮುಂಚೆ ಹತ್ತು ಸಲ ಯೋಚಿಸಬೇಕು.

ಇನ್ನೊಂದು ಕಂತಿನ ಮಾತು ಹೇಳುತ್ತೇನೆ. ಅದರಲ್ಲಿ ಇಬ್ಬರೂ ಗಂಡಸರು. ಗಂಟು 13,600 ಪೌಂಡು. ಒಬ್ಬ ಕೂತ ಕೂಡಲೇ ಹೇಳಿದ: ‘ನಾನು ಖಂಡಿತ ಕದಿಯುತ್ತೇನೆ. ನೀನು ಹಂಚು ತೆಗೆ. ಆಟ ಮುಗಿದ ಮೇಲೆ ನಿನ್ನ ಅರ್ಧ ನಿನಗೆ ಕೊಡುತ್ತೇನೆ.’ ಇನ್ನೊಬ್ಬ ಬೇಡಿಕೊಂಡ, ಸಿಟ್ಟು ಮಾಡಿದ. ಮೊದಲನೆಯವನು ಜಗ್ಗಲಿಲ್ಲ. ಎರಡನೆಯವನಿಗೆ ಬೇರೆ ದಾರಿ ಇರಲಿಲ್ಲ. ತಾನೂ ‘ಕದಿ’ ತೆಗೆದರೆ ಇಬ್ಬರಿಗೂ ಸೊನ್ನೆ. ಕೊನೆಗೆ ‘ಹಂಚು’ ತೆಗೆದ. ಚೆಂಡು ಬಿಚ್ಚಿ ನೋಡಿದರೆ ಮೊದಲನೆಯವನೂ ‘ಹಂಚು’ ಎಂದೇ ಆರಿಸಿದ್ದ! ಇಬ್ಬರಿಗೂ ಅರ್ಧ ಅರ್ಧ ಸಿಕ್ಕಿತು. ಎಂಥ ಜಾಣತನ ಎಂದು ಜನ ಚಪ್ಪಾಳೆ ತಟ್ಟಿದರು.

ನನಗೆ ಇದರಲ್ಲಿ ಕಾಣುವುದು ಬೇರೆ. ‘ಎಲ್ಲವನ್ನೂ ನನ್ನ ಕೈಗೆ ಕೊಡು, ಆಮೇಲೆ ನಿನ್ನ ಪಾಲು ಕೊಡ್ತೀನಿ’ ಎಂಬ ಮಾತನ್ನು ನಾವು ಎಲ್ಲಿ ಕೇಳಿದ್ದೇವೆ? ‘ಸರ ಕೊಡು, ಬ್ಯಾಂಕಿನಲ್ಲಿಟ್ಟು ಬೋರು ಕೊರೆಸ್ತೀನಿ, ಸುಗ್ಗಿಗೆ ಬಿಡಿಸಿಕೊಡ್ತೀನಿ.’ ‘ನಿಮ್ಮ ಸಂಘದಲ್ಲಿ ಸಾಲ ಎತ್ತು, ಕಂತು ನಾನು ಕಟ್ತೀನಿ.’ ‘ಕಳ್ಳಕಾಕರ ಕಾಲ, ಒಡವೆ ನನ್ನ ಬೀರುವಿನಲ್ಲೇ ಇರಲಿ ಕಣಮ್ಮ.’ ಆ ಟಿ.ವಿ. ಆಟದಲ್ಲಿ ಹಾಗೆ ಹೇಳಿದವನ ಮುಂದೆ ಕ್ಯಾಮೆರಾ ಇತ್ತು, ಸಭಿಕರು ಇದ್ದರು, ಅಷ್ಟೂ ಜನ ಸಾಕ್ಷಿಗಳು. ನಮ್ಮ ಮಲಗುವ ಕೋಣೆಯಲ್ಲಿ, ಅಡುಗೆಮನೆಯಲ್ಲಿ ಯಾವ ಸಾಕ್ಷಿ ಇದೆ?

ಆಟಕ್ಕೂ ನಮ್ಮ ಸಂಸಾರಕ್ಕೂ ಇರುವ ವ್ಯತ್ಯಾಸ ಇಲ್ಲೇ ಇರುವುದು. ಆಟದಲ್ಲಿ ಇಬ್ಬರ ಮುಂದೆಯೂ ಎರಡೆರಡು ಚೆಂಡು ಇರುತ್ತವೆ. ನಮ್ಮ ಮನೆಗಳಲ್ಲಿ ಹೆಂಗಸಿನ ಮುಂದೆ ಬಹಳ ಸಲ ಒಂದೇ ಚೆಂಡು, ‘ಹಂಚು’ ಎಂಬುದು. ಆಟದಲ್ಲಿ ಇಬ್ಬರೂ ಒಂದೇ ಗಳಿಗೆಯಲ್ಲಿ ಬಿಚ್ಚುತ್ತಾರೆ. ಮನೆಯಲ್ಲಿ ಅವಳು ಮದುವೆಯ ದಿನವೇ ತನ್ನದೆಲ್ಲವನ್ನೂ ಮುಂದಿಡುತ್ತಾಳೆ, ಅವನು ಹತ್ತು ವರ್ಷವಾದರೂ ತನ್ನ ಸಂಬಳ ಎಷ್ಟೆಂದು ಹೇಳಿರುವುದಿಲ್ಲ. ಆಟದಲ್ಲಿ ಸೋತವರು ಬರಿಗೈಯಲ್ಲಿ ತಮ್ಮ ಮನೆಗೆ ಹೋಗುತ್ತಾರೆ. ಇಲ್ಲಿ ಸೋತವಳ ತಲೆಯ ಮೇಲೆ ಸಾಲ ಉಳಿಯುತ್ತದೆ, ಯಾಕೆಂದರೆ ಸಹಿ ಅವಳದು. ಹೋಗಲು ಮನೆಯೂ ಇಲ್ಲ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂದು ತವರು ಬಾಗಿಲು ಹಾಕಿಕೊಂಡಿರುತ್ತದೆ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಆಟದಲ್ಲಿ ‘ನಾನು ನಿನ್ನನ್ನು ನಂಬುವುದಿಲ್ಲ’ ಎಂದರೆ ಹೊಡೆಯುವವರಿಲ್ಲ. ನಮ್ಮಲ್ಲಿ ‘ಲೆಕ್ಕ ಹೇಳಿ’ ಎಂದು ಕೇಳಿದ್ದಕ್ಕೇ ಪೆಟ್ಟು ಬೀಳುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವಿನ ಪ್ರಕರಣಗಳು 6,400ಕ್ಕೂ ಹೆಚ್ಚು. ಇವು ದಾಖಲಾದವು ಮಾತ್ರ. ನಂಬಿಕೆ ಎನ್ನುವುದು ಇಬ್ಬರೂ ಕೊಡಬೇಕಾದದ್ದು. ಒಬ್ಬರಿಂದ ಮಾತ್ರ ವಸೂಲು ಮಾಡುವುದಕ್ಕೆ ನಂಬಿಕೆ ಎಂಬ ಹೆಸರು ಸಲ್ಲದು, ಅದು ಶರಣಾಗತಿ.

ಈಗ ಕಾನೂನಿನ ಒಂದು ಮಾತು ಕೇಳಿ. ನಂಬಿ ಇಟ್ಟುಕೊಳ್ಳಲು ಕೊಟ್ಟ ವಸ್ತುವನ್ನು ಅಪ್ರಾಮಾಣಿಕವಾಗಿ ಬಳಸಿಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ. ಅದರ ಹೆಸರೇ ನಂಬಿಕೆದ್ರೋಹ. ಹಿಂದೆ ಭಾರತೀಯ ದಂಡ ಸಂಹಿತೆಯ 405 ಮತ್ತು 406ನೇ ಕಲಮುಗಳಲ್ಲಿ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನಲ್ಲಿದೆ. ಇದು ಗಂಡನಿಗೂ ಅನ್ವಯಿಸುತ್ತದೆಯೇ? ಹೆಂಡತಿ ಗಂಡನ ಮನೆಗೆ ಕಾಲಿಟ್ಟ ಮೇಲೆ ಒಡವೆ ಇಬ್ಬರದೂ ಆಯಿತು, ಹಾಗಾಗಿ ದ್ರೋಹದ ಪ್ರಶ್ನೆಯೇ ಇಲ್ಲ ಎಂಬ ವಾದ ಒಂದು ಕಾಲದಲ್ಲಿ ನಡೆಯುತ್ತಿತ್ತು. 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ವಾದವನ್ನು ತಳ್ಳಿಹಾಕಿತು. ಸ್ತ್ರೀಧನ ಹೆಣ್ಣಿನ ಸ್ವಂತ ಆಸ್ತಿ. ಗಂಡನ ಕೈಯಲ್ಲಿ, ಅತ್ತೆಮಾವನ ಕೈಯಲ್ಲಿ ಇದ್ದರೆ ಅವರು ಅದನ್ನು ಕಾಪಾಡುವವರು ಅಷ್ಟೇ. ಕೇಳಿದಾಗ ಕೊಡದಿದ್ದರೆ ಅದು ನಂಬಿಕೆದ್ರೋಹದ ಅಪರಾಧವಾಗಬಹುದು ಎಂದಿತು.

2024ರ ಏಪ್ರಿಲಿನಲ್ಲಿ ಇನ್ನೊಂದು ತೀರ್ಪು ಬಂತು. ಕೇರಳದ ಒಬ್ಬ ಹೆಣ್ಣುಮಗಳಿಗೆ ಮದುವೆಯಲ್ಲಿ ತವರಿನವರು 89 ಪವನು ಚಿನ್ನ ಹಾಕಿದ್ದರು. ಮೊದಲ ರಾತ್ರಿಯೇ ಗಂಡ ಅದನ್ನು ತೆಗೆದುಕೊಂಡು, ಜೋಪಾನವಾಗಿರಲಿ ಎಂದು ತನ್ನ ತಾಯಿಯ ಕೈಗೆ ಕೊಟ್ಟ, ಆಮೇಲೆ ಅದು ಅವರ ಸಾಲಕ್ಕೆ ಹೋಯಿತು ಎಂಬುದು ಆಕೆಯ ದೂರು. ಕುಟುಂಬ ನ್ಯಾಯಾಲಯ ಆಕೆಯ ಪರ ಹೇಳಿತು, ಹೈಕೋರ್ಟು ಸಾಕ್ಷ್ಯ ಸಾಲದು ಎಂದಿತು. ಸುಪ್ರೀಂ ಕೋರ್ಟು ಏನು ಹೇಳಿತು ಗೊತ್ತೇ? ಮದುವೆ ಪರಸ್ಪರ ನಂಬಿಕೆಯ ಮೇಲೆ ನಿಂತಿದೆ, ಹೊಸ ಮದುವಣಗಿತ್ತಿ ಮೊದಲ ದಿನದಿಂದಲೇ ಗಂಡನನ್ನು ಅನುಮಾನಿಸುತ್ತಿದ್ದಳು ಎಂದು ಊಹಿಸುವುದು ಸಹಜವಲ್ಲ ಎಂಬ ಅರ್ಥದ ಮಾತು ಹೇಳಿತು. ಸ್ತ್ರೀಧನದ ಮೇಲೆ ಗಂಡನಿಗೆ ಅಧಿಕಾರವಿಲ್ಲ, ಕಷ್ಟಕಾಲದಲ್ಲಿ ಬಳಸಿದರೂ ಅದನ್ನೋ ಅದರ ಬೆಲೆಯನ್ನೋ ಹಿಂದಿರುಗಿಸುವುದು ಅವನ ಹೊಣೆ ಎಂದಿತು. 25 ಲಕ್ಷ ರೂಪಾಯಿ ಕೊಡುವಂತೆ ಆಜ್ಞೆ ಮಾಡಿತು. ನ್ಯಾಯ ಸಿಕ್ಕಿತು, ನಿಜ. ಆದರೆ ಆಕೆಯ ಮದುವೆ ನಡೆದದ್ದು 2003ರಲ್ಲಿ. ಒಂದು ಚೀಟಿಯಿದ್ದಿದ್ದರೆ ಇಷ್ಟು ವರ್ಷ ಅಲೆಯಬೇಕಾಗುತ್ತಿತ್ತೇ?

ಆ ಚೀಟಿಯನ್ನೂ ಕಾನೂನು ಹೇಳಿದೆ. ವಧೂವರರಿಗೆ ಬಂದ ಉಡುಗೊರೆಗಳ ಪಟ್ಟಿ ಇಡಬೇಕೆಂದು 1985ರಲ್ಲೇ ನಿಯಮ ಬಂದಿದೆ. ಏನು ಕೊಟ್ಟರು, ಅದರ ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಏನಾಗಬೇಕು ಎಂದು ಬರೆದು ಇಬ್ಬರೂ ಸಹಿ ಹಾಕಬೇಕು. ವಧುವಿನ ಪಟ್ಟಿ ವಧುವಿನ ಹತ್ತಿರವೇ ಇರಬೇಕು. ಮದುವೆ ಛತ್ರದಲ್ಲಿ ಮುಯ್ಯಿ ಬರೆಯಲು ಪುಸ್ತಕ ಹಿಡಿದು ಒಬ್ಬರು ಕೂತಿರುತ್ತಾರೆ. ಐವತ್ತು ರೂಪಾಯಿ ಮುಯ್ಯಿಗೆ ಲೆಕ್ಕ ಇದೆ. ಮಗಳ ಮೈಮೇಲಿನ ಚಿನ್ನಕ್ಕೆ ಇಲ್ಲ! ‘ಪಟ್ಟಿ ಮಾಡಿದರೆ ಬೀಗರು ಏನಂದುಕೊಂಡಾರು’ ಎನ್ನುತ್ತೇವೆ. ನಿಯತ್ತಿರುವ ಬೀಗರಿಗೆ ಪಟ್ಟಿಯಿಂದ ಏನು ನಷ್ಟ?

ನಿಮ್ಮ ಸಂಘಗಳನ್ನೇ ನೋಡಿ. ಸ್ವಸಹಾಯ ಸಂಘಗಳಿಗೆ ಬ್ಯಾಂಕು ಸಾಲ ಕೊಡುವ ಯೋಜನೆಯನ್ನು ನಬಾರ್ಡ್ 1992ರಲ್ಲಿ ಪ್ರಾಯೋಗಿಕವಾಗಿ ಶುರು ಮಾಡಿತು. ನಮ್ಮ ರಾಜ್ಯದಲ್ಲಿ 2000ದ ಇಸವಿಯಿಂದ ಸ್ತ್ರೀಶಕ್ತಿ ಗುಂಪುಗಳು ಬಂದವು. ಜಮೀನಿಲ್ಲದ, ಒಡವೆಯಿಲ್ಲದ ಹೆಂಗಸರಿಗೆ ಬ್ಯಾಂಕು ಯಾವ ಧೈರ್ಯದ ಮೇಲೆ ಸಾಲ ಕೊಟ್ಟಿತು? ನಿಮ್ಮ ನಂಬಿಕೆಯ ಮೇಲೆ. ಆ ನಂಬಿಕೆ ಎಲ್ಲಿಂದ ಬಂತು? ನೀವೆಲ್ಲ ದೇವತೆಗಳು ಎಂದಲ್ಲ. ವಾರ ವಾರ ಸೇರುತ್ತೀರಿ. ಉಳಿತಾಯದ ಹಣವನ್ನು ಎಲ್ಲರ ಮುಂದೆ ಎಣಿಸುತ್ತೀರಿ. ನಡವಳಿ ಪುಸ್ತಕದಲ್ಲಿ ಬರೆದು ಓದಿ ಹೇಳಿ ಸಹಿ ಹಾಕುತ್ತೀರಿ. ಸಾಲ ಕೇಳಿದವಳನ್ನು ‘ಯಾತಕ್ಕೆ?’ ಎಂದು ಕೇಳುತ್ತೀರಿ, ಅವಳು ಸಿಟ್ಟು ಮಾಡಿಕೊಳ್ಳುವುದಿಲ್ಲ. ಹೀಗೆ ಕೇಳುವುದು ಅಪನಂಬಿಕೆ ಎಂದು ಸಂಘದಲ್ಲಿ ಯಾರೂ ಅನ್ನುವುದಿಲ್ಲ. ಮನೆಯಲ್ಲಿ ಕೇಳಿದರೆ ಮಾತ್ರ ಅದು ಅಪನಂಬಿಕೆ ಹೇಗಾಗುತ್ತದೆ?

ವಾರ ವಾರ ಸೇರುವುದರ ಬೆಲೆಯನ್ನು ವಿದ್ವಾಂಸರೂ ಕಂಡುಕೊಂಡಿದ್ದಾರೆ. ರಾಬರ್ಟ್ ಆಕ್ಸೆಲ್ರಾಡ್ ಎಂಬ ಅಮೆರಿಕದ ರಾಜ್ಯಶಾಸ್ತ್ರಜ್ಞರು ಇದೇ ರೀತಿಯ ‘ಹಂಚು - ಕದಿ’ ಆಟವನ್ನು ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ಆಡಿಸಿ ನೋಡಿದರು. 1984ರಲ್ಲಿ ಅದರ ಮೇಲೆ ಪುಸ್ತಕ ಬರೆದರು. ಒಂದೇ ಸಲ ಆಡಿ ಎದ್ದುಹೋಗುವ ಆಟದಲ್ಲಿ ಕದಿಯುವವನಿಗೆ ಲಾಭ. ಅದೇ ಜನ ಮತ್ತೆ ಮತ್ತೆ ಎದುರಾಗಬೇಕಾದರೆ ಹಂಚುವವರಿಗೆ ಗೆಲುವು. ಅಲ್ಲಿ ಗೆದ್ದ ತಂತ್ರ ಬಹಳ ಸರಳವಾದದ್ದು. ಮೊದಲು ಒಳ್ಳೆಯತನದಿಂದ ಶುರು ಮಾಡು. ಎದುರಿನವನು ಮೋಸ ಮಾಡಿದರೆ ಸುಮ್ಮನಿರಬೇಡ, ಕೂಡಲೇ ತೋರಿಸಿಕೊಡು. ಅವನು ತಿದ್ದಿಕೊಂಡರೆ ಹಗೆ ಇಟ್ಟುಕೊಳ್ಳಬೇಡ.

ನಮ್ಮ ಹೆಣ್ಣುಮಕ್ಕಳಿಗೆ ಇದರಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಚೆನ್ನಾಗಿ ಕಲಿಸಿದ್ದಾರೆ. ಒಳ್ಳೆಯವಳಾಗಿರು, ಕ್ಷಮಿಸು. ನಡುವಿನದನ್ನು ಕಲಿಸಿಲ್ಲ. ಸುಮ್ಮನಿರಬೇಡ ಎಂದು ಯಾರೂ ಹೇಳಿಕೊಟ್ಟಿಲ್ಲ. ತಿದ್ದಿಕೊಳ್ಳುವ ಮುಂಚೆಯೇ ಕ್ಷಮೆ ಸಿಕ್ಕಿಬಿಟ್ಟರೆ ತಿದ್ದಿಕೊಳ್ಳುವ ಅಗತ್ಯ ಯಾರಿಗಿದೆ? ಸುಮ್ಮನಿರಬೇಡ ಎಂದರೆ ಅವನಿಗೆ ತಿರುಗಿ ಹೊಡಿ ಎಂದಲ್ಲ. ಒಬ್ಬಳೇ ಅವನೆದುರು ನಿಂತರೆ ಪ್ರಾಣಕ್ಕೆ ಅಪಾಯ. ಮನೆಯೊಳಗಿನ ಗುಟ್ಟನ್ನು ಹೊರಗಿನ ನಾಲ್ಕು ಜನರಿಗೆ ತಿಳಿಸುವುದೇ ಮೊದಲ ಉತ್ತರ. ಆ ನಾಲ್ಕು ಜನ ನಿಮ್ಮ ಸಂಘದವರಾಗಿರಲಿ.

ಆದ್ದರಿಂದ ಯಾರಾದರೂ ‘ನನ್ನ ಮೇಲೆ ನಂಬಿಕೆ ಇಲ್ವಾ?’ ಎಂದು ಕೇಳಿದಾಗ, ಹೌದು ಇಲ್ಲ ಎನ್ನುವ ಮುಂಚೆ ನಿಮ್ಮಷ್ಟಕ್ಕೆ ನೀವು ಮೂರು ಪ್ರಶ್ನೆ ಕೇಳಿಕೊಳ್ಳಿ. ಇವರು ಹೇಳುತ್ತಿರುವ ಮಾತು ನೇರವಾಗಿದೆಯೇ, ಇದನ್ನೇ ಇನ್ನಿಬ್ಬರ ಮುಂದೆ ಹೇಳುತ್ತಾರೆಯೇ? ಇದಕ್ಕೆ ಬರವಣಿಗೆ ಇದೆಯೇ, ಹೊಣೆ ಯಾರ ಹೆಸರಿನಲ್ಲಿದೆ, ವಸ್ತು ಯಾರ ಕೈಯಲ್ಲಿರುತ್ತದೆ? ನಾನು ಆಗುವುದಿಲ್ಲ ಎಂದರೆ ನನಗೆ ಏನಾಗುತ್ತದೆ? ಮೂರನೆಯದು ಎಲ್ಲಕ್ಕಿಂತ ಮುಖ್ಯ. ಆಗುವುದಿಲ್ಲ ಎಂದಾಗ ಎರಡು ದಿನ ಮುನಿಸು ಬಂದರೆ ಅದು ಸಂಸಾರ. ಪೆಟ್ಟು ಬಿದ್ದರೆ, ತವರಿಗೆ ಅಟ್ಟಿದರೆ, ಅನ್ನ ನಿಲ್ಲಿಸಿದರೆ ಅಲ್ಲಿ ನಂಬಿಕೆ ಎಂಬುದು ಮೊದಲೇ ಇರಲಿಲ್ಲ, ಇದ್ದದ್ದು ಭಯ.

ಹಾಗೆ ಆದಾಗ ಹೋಗಲು ಜಾಗವಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಹೊಡೆತ ಬಡಿತ ಮಾತ್ರವಲ್ಲ, ಹಣಕಾಸಿನ ದೌರ್ಜನ್ಯವೂ ಸೇರಿದೆ. ಹೆಂಡತಿಯ ಸ್ತ್ರೀಧನವನ್ನು ಮಾರುವುದು, ಕೊಡದೆ ಇಟ್ಟುಕೊಳ್ಳುವುದು ಅದರೊಳಗೆ ಬರುತ್ತದೆ. ಅದನ್ನು ವಾಪಸು ಕೊಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಇದ್ದ ಮನೆಯಲ್ಲೇ ಇರುವ ಹಕ್ಕೂ ನಿಮಗಿದೆ. ನಮ್ಮಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಇದಕ್ಕೆ ಸಂರಕ್ಷಣಾಧಿಕಾರಿಗಳು. ಅಂಗನವಾಡಿಯ ಮೂಲಕ ಅವರನ್ನು ಕಾಣಬಹುದು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ಮಹಿಳಾ ಸಹಾಯವಾಣಿ 181, ತುರ್ತಾಗಿ ಪೊಲೀಸರು ಬೇಕಾದರೆ 112. ಈ ಎರಡು ನಂಬರನ್ನು ನಿಮ್ಮ ಪಾಸ್‌ಬುಕ್ಕಿನ ಹಿಂದೆ ಬರೆದಿಟ್ಟುಕೊಳ್ಳಿ.

ಒಂದು ಕಹಿ ಮಾತನ್ನೂ ಆಡಿಬಿಡುತ್ತೇನೆ. ಇಲ್ಲಿ ಕೂತಿರುವ ನಾವು ಹೆಣ್ಣು ಹೆತ್ತವರು ಮಾತ್ರವಲ್ಲ, ಗಂಡು ಹೆತ್ತವರೂ ಹೌದು. ಮಗಳ ಮದುವೆಯಲ್ಲಿ ಕಣ್ಣೀರು ಹಾಕಿದ ನಾವೇ ಮಗನ ಮದುವೆಯ ಮಾತುಕತೆಯಲ್ಲಿ ‘ನಿಮಗೆ ಬಿಟ್ಟಿದ್ದು’ ಎನ್ನುತ್ತೇವೆ. ಸೊಸೆಯ ಒಡವೆ ನಮ್ಮ ಬೀರುವಿಗೆ ಬರುವಾಗ ಆ ಬೀರುವಿನ ಬೀಗದ ಕೈ ನಮ್ಮ ಸೊಂಟದಲ್ಲೇ ಇರುತ್ತದೆ. ಪುರುಷಪ್ರಧಾನ ವ್ಯವಸ್ಥೆ ತನ್ನ ಕೆಲಸವನ್ನು ಹೆಂಗಸರ ಕೈಯಿಂದಲೇ ಮಾಡಿಸುತ್ತದೆ. ನಾವು ಆ ಕೆಲಸಕ್ಕೆ ಒಲ್ಲೆ ಎನ್ನಬೇಕು. ‘ಈ ಒಡವೆ ನಿನ್ನದು, ನೀನೇ ಇಟ್ಟುಕೊ ಮಗಳೇ’ ಎಂದು ಅತ್ತೆ ಹೇಳಿದ ಮನೆಯಲ್ಲಿ ನಂಬಿಕೆಯನ್ನು ಯಾರೂ ಕೇಳಿ ಪಡೆಯಬೇಕಾಗಿಲ್ಲ.

ನಿಮ್ಮ ಮುಂದಿನ ವಾರದ ಸಭೆಯಲ್ಲಿ ಮೂರು ನಿರ್ಣಯ ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ. ನಮ್ಮ ಸಂಘದ ಸದಸ್ಯೆಯರು ವರದಕ್ಷಿಣೆಯನ್ನು ಕೊಡುವುದೂ ಇಲ್ಲ, ನೇರವಾಗಿಯಾಗಲಿ ಬಳಸಿಯಾಗಲಿ ಕೇಳುವುದೂ ಇಲ್ಲ. ನಮ್ಮ ಮನೆಯ ಪ್ರತಿ ಮದುವೆಯಲ್ಲೂ ಉಡುಗೊರೆ ಪಟ್ಟಿ ಮಾಡಿ ಸಹಿ ಹಾಕಿಸಿ ವಧುವಿನ ಕೈಗೆ ಕೊಡುತ್ತೇವೆ. ಸದಸ್ಯೆಯ ಹೆಸರಿನಲ್ಲಿ ಎತ್ತಿದ ಸಾಲ ಯಾರ ಕೈ ಸೇರಿತು ಎಂದು ಸಂಘ ಕೇಳುತ್ತದೆ, ಆಕೆಗೆ ಒತ್ತಾಯ ಬಂದಿದ್ದರೆ ಆಕೆಯ ಜೊತೆ ನಿಲ್ಲುತ್ತದೆ. ಬರೆದು, ಓದಿ ಹೇಳಿ, ಎಲ್ಲರೂ ಸಹಿ ಹಾಕಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿ.

 ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.